ಡ್ರ್ಯಾಗನ್‌ಗಳು ನಾಯಿ ತರ ಸಾಕುಪ್ರಾಣಿ ಆಗ್ತಾವಾ, ಇಲ್ಲ ಆನೆ ತರ ಪಳಗಿಸ್ತಾನೇ ಇರ್ಬೇಕಾ?

ಮಂಜಿನಹನಿ:
ಎಲ್ರಿಗೂ ನಮಸ್ಕಾರ, ಸೋಮವಾರಪೇಟೆ ಕಡೆಯವಳು. ಒಂದು ಫ್ಯಾಂಟಸಿ ಕಾದಂಬರಿ ಬರೀತಿದೀನಿ, ಪುಷ್ಪಗಿರಿ ತರದ್ದೇ ಮಳೆ ಸುರಿಯೋ ಬೆಟ್ಟಗಳಿರೋ ರಾಜ್ಯ, ಅಲ್ಲಿನ ಜನ ತಲೆತಲಾಂತರದಿಂದ ಡ್ರ್ಯಾಗನ್ ಮೇಲೆ ಏಲಕ್ಕಿ ಮೂಟೆ ಸಾಗಿಸ್ತಾರೆ. ನಾಲ್ಕು ಕಾಲು, ಎರಡು ರೆಕ್ಕೆ, ಮೊಟ್ಟೆ ಇಡುತ್ತೆ, ಬೆಂಕಿ ಉಗುಳುತ್ತೆ, ಪ್ರಾಯಕ್ಕೆ ಬರೋಕೆ 30 ವರ್ಷ. ಇಂಥ ಪ್ರಾಣಿನ ಸಾಕೋಕೆ ನಿಜಕ್ಕೂ ಆಗುತ್ತಾ? ಓದೋರು ನಂಬ್ಬೇಕು ಅನ್ನೋದೇ ನನ್ನಾಸೆ.

ಕಾಡುದಾರಿ:
ಮೊದ್ಲು ರೆಕ್ಕೆ ವಿಷ್ಯ ನೋಡೋಣ ಮೇಡಂ. ಹಕ್ಕಿ, ಬಾವಲಿ ಎರಡೂ ಮುಂಗಾಲನ್ನೇ ರೆಕ್ಕೆ ಮಾಡ್ಕೊಂಡಿರೋದು, ಹಾಗಾಗಿ ನಾಲ್ಕು ಕಾಲಿನ ಜೊತೆ ರೆಕ್ಕೆ ಅಂದ್ರೆ ಕಷ್ಟ. ಆದ್ರೆ ನಮ್ಮ ಅಡಿಕೆ ತೋಟದಲ್ಲೇ ಉತ್ತರ ಇದೆ, ಹಾರೋ ಓತಿ. ಮರಕ್ಕೆ ಅಂಟಿ ಕೂತ್ರೆ ತೊಗಟೆ ಯಾವ್ದು ಓತಿ ಯಾವ್ದು ಗೊತ್ತಾಗಲ್ಲ, ಗಂಡು ಗಂಟಲ ಕೆಳಗಿನ ಹಳದಿ ಚೀಲ ಚಾಚಿದಾಗ್ಲೇ ಕಣ್ಣಿಗೆ ಬೀಳೋದು, ಆಮೇಲೆ ಸರ್ರನೆ ತೇಲ್ಕೊಂಡು ಹೋಗಿ ಪಕ್ಕದ ಮರ ಹಿಡಿದು ಮತ್ತೆ ಮೇಲಕ್ಕೆ ಹತ್ತುತ್ತೆ. ಅದರ ನಾಲ್ಕೂ ಕಾಲು ಹಾಗೇ ಇದಾವೆ, ಉದ್ದ ಬೆಳೆದ ಪಕ್ಕೆಲುಬಿನ ಮೇಲಿನ ಚರ್ಮನೇ ರೆಕ್ಕೆ. ನಿಮ್ಮ ಡ್ರ್ಯಾಗನ್‌ನ ಇದೇ ವಂಶ ಮಾಡಿ. ಇದು ರೆಕ್ಕೆ ಬಡಿಯಲ್ಲ, ಬರೀ ತೇಲುತ್ತೆ, ಅದ್ರಿಂದ ಮೂಟೆ ಹೊತ್ತು ಬೆಟ್ಟ ಇಳಿಬೋದು, ಹತ್ತೋಕೆ ಮಾತ್ರ ನಡ್ಕೊಂಡೇ ಬರ್ಬೇಕು! ನನಗಂತೂ ಅದೇ ಚಂದ ಅನ್ಸುತ್ತೆ. ಗಾತ್ರ ಆನೆಯಷ್ಟು ಬೇಡ, ಕ್ವೆಟ್ಜಾಲ್ಕೋಟ್ಲಸ್ ಅನ್ನೋ ಹಳೇ ಹಾರುವ ಸರೀಸೃಪದ ರೆಕ್ಕೆ 10 ಮೀಟರ್ ಇದ್ರೂ ತೂಕ 200-250 ಕೆಜಿ ಅಂತ ಅಂದಾಜು. ಬೆಂಕಿಗೆ ಬೊಂಬಾರ್ಡಿಯರ್ ಜೀರುಂಡೆ ನೋಡಿ, ಹೊಟ್ಟೆಯೊಳಗೆ ರಾಸಾಯನಿಕ ಬೆರೆಸಿ ಸುಮಾರು 100 ಡಿಗ್ರಿ ಬಿಸಿ ದ್ರವ ಚಿಮ್ಮಿಸುತ್ತೆ.

ಹೊಳೆಬದಿ:
ಸಾಕೋ ವಿಷ್ಯಕ್ಕೆ ಬರ್ತೀನಿ. 1959ರಲ್ಲಿ ಸೈಬೀರಿಯಾದಲ್ಲಿ ಬೆಲ್ಯಾಯೆವ್ ಅನ್ನೋ ವಿಜ್ಞಾನಿ ನರಿಗಳ ಮೇಲೆ ಪ್ರಯೋಗ ಶುರು ಮಾಡಿದ್ರು, ಸಾಧು ಸ್ವಭಾವದವನ್ನೇ ಆರಿಸಿ ಮರಿ ಮಾಡಿಸ್ತಾ ಹೋದ್ರು, ಹತ್ತು ತಲೆಮಾರೊಳಗೆ ಬಾಲ ಅಲ್ಲಾಡಿಸ್ಕೊಂಡು ಮನುಷ್ಯರ ಹತ್ರ ಬರೋ ನರಿಗಳು ಹುಟ್ಟಿದ್ವು. ನರಿ ವರ್ಷಕ್ಕೇ ಮರಿ ಹಾಕುತ್ತೆ, ನಿಮ್ಮ ಡ್ರ್ಯಾಗನ್‌ಗೆ ಹತ್ತು ತಲೆಮಾರು ಅಂದ್ರೆ 300 ವರ್ಷ, ಅಲ್ಲೀತನಕ ಯಾವ ರಾಜ ಕಾಯ್ತಾನೆ?
ಅದಕ್ಕೇ ಕೊಡಗಿನ ದುಬಾರೆ, ಮತ್ತಿಗೋಡು ಆನೆ ಕ್ಯಾಂಪ್ ನೋಡಿ. ಕಾಡಾನೆ ಹಿಡಿದು ಕ್ರಾಲ್‌ಗೆ, ಅಂದ್ರೆ ಮರದ ದಿಮ್ಮಿಗಳ ದೊಡ್ಡಿಗೆ ಹಾಕ್ತಾರೆ, ಮಾವುತ, ಅವನ ಸಹಾಯಕ ಕಾವಾಡಿ ಹೊರಗೆ ನಿಂತು ಕಬ್ಬು, ಬೆಲ್ಲ ಕೊಡ್ತಾ ಮಾತಾಡಿಸ್ತಾ ಮಾತಾಡಿಸ್ತಾ ಹತ್ರ ಆಗ್ತಾರೆ. ಪಳಗಿದ ಮೇಲೂ ರಾತ್ರಿ ಮೇಯೋಕೆ ಕಾಡಿಗೆ ಬಿಡ್ತಾರೆ, ಬೆಳಿಗ್ಗೆ ಕಾಲಿನ ಸರಪಳಿ ಎಳೆದ ಗೆರೆ ಹಿಡ್ಕೊಂಡು ಹುಡುಕ್ಕೊಂಡು ಬರ್ತಾರೆ. ಕಾಡಲ್ಲಿ ಒಂಟಿಸಲಗ ಕ್ಯಾಂಪ್ ಹೆಣ್ಣಾನೆ ಜೊತೆ ಸೇರಬೋದು, ಅಂದ್ಮೇಲೆ ಕಾಡಿನ ರಕ್ತ ಬೆರೀತಾನೇ ಇರುತ್ತೆ, ಜಾತಿ ಬೇರೆ ಆಗೋದೇ ಇಲ್ಲ. ಬದಲಾಗೋದು ಮನುಷ್ಯರು, ಮಾವುತರ ಮನೆಗಳಲ್ಲಿ ಆ ವಿದ್ಯೆ ಅಪ್ಪನಿಂದ ಮಗನಿಗೆ ಇಳಿಯುತ್ತೆ. ನಿಮ್ಮ ಕಥೆಯಲ್ಲೂ ರಾಜನಿಗಿಂತ ಡ್ರ್ಯಾಗನ್ ಮಾವುತರ ಕುಟುಂಬಕ್ಕೇ ಜಾಸ್ತಿ ಬಲ ಇರ್ಬೇಕು.

ಮಂಜಿನಹನಿ:
ಅಯ್ಯೋ ಇದು ಹೊಳೆದೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್ ಇಬ್ರಿಗೂ! ಹಾಗಾದ್ರೆ ಮೊಟ್ಟೆ ಕದ್ದು ತಂದು ಮರಿ ಮಾಡಿಸಿದ್ರೆ?

ಕಾಡುದಾರಿ:
ಮಾಡಿಸ್ಬೋದು, ಆದ್ರೆ ಮೊಸಳೆ ತರ ಇಟ್ಕೊಳ್ಳಿ. ಮೊಸಳೆ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಆಗೋದು ಗೂಡಿನ ಬಿಸಿಯಿಂದ, ತಣ್ಣಗಿದ್ರೆ ಹೆಣ್ಣು, ಸುಮಾರು 32 ಡಿಗ್ರಿಲಿ ಗಂಡು ಜಾಸ್ತಿ. ನಿಮ್ಮ ರಾಜ್ಯದಲ್ಲಿ ಮಳೆ ಹಿಡಿದ ವರ್ಷ ಹುಟ್ಟಿದ್ದೆಲ್ಲ ಹೆಣ್ಣೇ, ಗಂಡು ಬೇಕಂದ್ರೆ ಗೂಡಿನ ಪಕ್ಕ ಯಾರಾದ್ರೂ ಹಗಲೂ ರಾತ್ರಿ ಬೆಂಕಿ ಉರಿಸ್ತಾ ಇರ್ಬೇಕು. ಆ ಕೆಲಸ ಯಾರದ್ದು ಅಂತ ಮೊದ್ಲು ಬರೀರಿ.