ಆಗುಂಬೆಯ ಮಾಲ್ಗುಡಿ ನಾರಾಯಣರ ಮಾಲ್ಗುಡಿಯೇ?

ಹೊಳೆಬದಿ:
ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಈಚೆಗೆ ಓದಿದೆ. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಮೊದಲೇ ನೋಡಿದ್ದರಿಂದ ಪುಟಪುಟದಲ್ಲೂ ಬಾಲಕ ಸ್ವಾಮಿಯಾಗಿ ನಟಿಸಿದ ಮಾಸ್ಟರ್ ಮಂಜುನಾಥರ ಮುಖವೇ ಕಣ್ಣೆದುರು ಬಂತು. ಆದರೆ ಊರು ಮಾತ್ರ ಹೊಂದಲಿಲ್ಲ. ಪುಸ್ತಕದಲ್ಲಿರುವುದು ನಾರಾಯಣರು ಕಲ್ಪಿಸಿದ ಮಾಲ್ಗುಡಿ, ಸಂಜೆಯಾದರೆ ಜನರು ಸರಯೂ ನದಿಯ ಮರಳ ಮೇಲೆ ಬಂದು ಕೂರುವ ಬಿಸಿಲಿನ ಪಟ್ಟಣ. ತೆರೆಯ ಮೇಲಿರುವುದು ಮಲೆನಾಡಿನ ಆಗುಂಬೆ. ಕೃತಿಯೊಂದರ ಊರನ್ನೇ ಹೀಗೆ ಬದಲಿಸುವುದು ನಿರ್ದೇಶಕರ ಹಕ್ಕೋ, ಕೃತಿಗೆ ಮಾಡಿದ ಅಪಚಾರವೋ?

ಹಳೇಕಪಾಟು:
ಇದಕ್ಕೆ ಉತ್ತರವನ್ನು ನಾರಾಯಣರ ಇನ್ನೊಂದು ಕೃತಿಯಲ್ಲಿ ಹುಡುಕಬಹುದು. 1965ರ ‘ಗೈಡ್’ ಚಿತ್ರ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋದಾಗ ಅವರು ಸುಮ್ಮನಿರಲಿಲ್ಲ. ತಮ್ಮ ಅಸಮಾಧಾನವನ್ನು ಪ್ರಬಂಧವಾಗಿಯೇ ಬರೆದರು. ಆದರೆ ನನ್ನ ತಕರಾರು ಸ್ಥಳದ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ‘ಗೈಡ್’ ಕಾದಂಬರಿಯ ಕೊನೆಯಲ್ಲಿ, ಹಳ್ಳಿಗರು ಸಂತನೆಂದು ನಂಬಿದ ಕಥಾನಾಯಕ ರಾಜು, ಮಳೆಗಾಗಿ ಹಿಡಿದ ಉಪವಾಸದಿಂದ ಬಳಲಿ, ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎನ್ನುತ್ತಾ ಕುಸಿಯುತ್ತಾನೆ. ಮಳೆ ನಿಜವಾಗಿ ಬಂತೇ, ಅವನು ಸತ್ತನೇ ಎಂಬುದನ್ನು ಲೇಖಕರು ಹೇಳುವುದೇ ಇಲ್ಲ. ಚಿತ್ರವಾದರೋ ಮಳೆಯನ್ನು ಧಾರಾಳವಾಗಿ ಸುರಿಸಿ, ಅವನನ್ನು ಸಂತನನ್ನಾಗಿಸಿಯೇ ಬಿಟ್ಟಿತು. ಶಂಕರ್‌ನಾಗ್ ಊರನ್ನು ಬದಲಿಸಿದರೂ ಮನುಷ್ಯರನ್ನು ಇದ್ದದ್ದಕ್ಕಿಂತ ದೊಡ್ಡವರನ್ನಾಗಿ ಮಾಡಲಿಲ್ಲ.

ಮಾವಿನತೋಪು:
ಹಳೇಕಪಾಟು ಅವರ ಮಾತನ್ನು ಒಪ್ಪುತ್ತೇನೆ, ಆದರೆ ಧಾರಾವಾಹಿಯಲ್ಲಿ ಕಳೆದುಹೋದದ್ದೂ ಇದೆ. ಪುಸ್ತಕದಲ್ಲಿ ಸ್ವಾಮಿಗೆ ಅಪ್ಪ ಒಂದು ಲೆಕ್ಕ ಕೊಡುತ್ತಾನೆ: ರಾಮನ ಬಳಿ ಹತ್ತು ಮಾವಿನಹಣ್ಣುಗಳಿವೆ, ಅವುಗಳಿಂದ ಅವನಿಗೆ ಹದಿನೈದು ಆಣೆ ಬರಬೇಕು, ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು, ಅವನು ಎಷ್ಟು ಕೊಡಬೇಕು? ಸ್ವಾಮಿಯ ತಲೆಯಲ್ಲಿ ಲೆಕ್ಕ ಓಡುವುದಿಲ್ಲ. ರಾಮ ಎಂಥವನು, ಕೃಷ್ಣ ಎಂಥವನು ಎಂಬ ಯೋಚನೆಯಲ್ಲಿ ಮುಳುಗಿದ ಅವನು ಕಡೆಗೆ, ಹಣ್ಣು ಮಾಗಿದ್ದವೇ ಎಂದು ಅಪ್ಪನನ್ನೇ ಕೇಳುತ್ತಾನೆ. ಇಲ್ಲಿನ ಹಾಸ್ಯವೆಲ್ಲ ಹುಡುಗನ ತಲೆಯೊಳಗೆ ಇಣುಕುವ ನಿರೂಪಕನದು, ಮತ್ತು ಕ್ಯಾಮೆರಾಗೆ ಆ ಬಾಗಿಲು ತೆರೆಯುವುದಿಲ್ಲ. ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣರ ಗೆರೆಗಳೂ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತವೂ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು ಎಂಬುದು ನನ್ನ ಅನಿಸಿಕೆ. ತಂದೆಯ ಪಾತ್ರಕ್ಕೆ ಗಿರೀಶ್ ಕಾರ್ನಾಡರು ಸಿಕ್ಕಿದ್ದಂತೂ ಪುಣ್ಯ.

ಕಡತವಿಲೇವಾರಿ:
ಎಲ್ಲರೂ ಊರಿನ ಬಗ್ಗೆಯೇ ಚರ್ಚಿಸುತ್ತಿದ್ದೀರಿ. ಸ್ವಾಮಿ ಹಿಂದಿಯಲ್ಲಿ ಮಾತನಾಡಿದ್ದನ್ನು ಯಾರೂ ಪ್ರಶ್ನಿಸಲಿಲ್ಲ! ಇಂಗ್ಲಿಷಿನಲ್ಲಿ ಬರೆದ ಕಥೆ ದೂರದರ್ಶನಕ್ಕೆ ಹಿಂದಿಯಲ್ಲಿ ಬಂದರೂ ನಾವು ಅದನ್ನು ಕನ್ನಡದ್ದೆಂದೇ ಎಣಿಸಿದ್ದೇವೆ. ಹಾಗೆ ಎಣಿಸುವಂತೆ ಮಾಡಿದ್ದು ಆಗುಂಬೆಯ ದೊಡ್ಡಮನೆಯ ಜಗಲಿ ಮತ್ತು ನಮ್ಮ ರಂಗಭೂಮಿಯಿಂದ ಬಂದ ನಟರಲ್ಲದೆ ಬೇರೇನು? ಇನ್ನೊಂದು ಮಾತು. ಸಣ್ಣಕತೆಗಳನ್ನು ಒಂದೊಂದು ಕಂತಿನಲ್ಲಿ ಮುಗಿಸಿ, ‘ಸ್ವಾಮಿ’ಯಂಥ ಕಾದಂಬರಿಗೆ ಮಾತ್ರ ಹಲವು ಕಂತುಗಳನ್ನು ಕೊಟ್ಟ ವಿವೇಕ ಇಂದಿನ ಮೆಗಾ ಧಾರಾವಾಹಿಗಳವರಿಗೆ ಇದ್ದಿದ್ದರೆ, ಎಷ್ಟೋ ಒಳ್ಳೆಯ ಕಥೆಗಳು ಸಾವಿರ ಕಂತುಗಳ ಶಿಕ್ಷೆಯಿಂದ ಪಾರಾಗುತ್ತಿದ್ದವು.

ಹೊಳೆಬದಿ:
ಎಲ್ಲರಿಗೂ ವಂದನೆಗಳು. ಅಳತೆಯ ವಿಚಾರ ಸರಿಯೆನಿಸಿತು. ಆದರೂ ಸರಯೂ ದಂಡೆಯ ಮರಳನ್ನು ನಾನು ಬಿಟ್ಟುಕೊಡಲಾರೆ: ಸ್ವಾಮಿ, ಮಣಿ, ರಾಜಂ ಮೂವರ ಜಗಳವೂ ರಾಜಿಯೂ ನಡೆಯುವುದು ನದಿಯ ಆಸುಪಾಸಿನಲ್ಲೇ. ಹಾಗಾಗಿ ಧಾರಾವಾಹಿಯನ್ನು ಮೆಚ್ಚುತ್ತಲೇ, ಪುಸ್ತಕವನ್ನು ಮೊದಲು ಓದಿ ಎಂದೇ ಹೊಸಬರಿಗೆ ಹೇಳುತ್ತೇನೆ.