ಜಪಾನಿ ಸೇನಾಕತ್ತಿಯ ಹಿಡಿ ಅಲ್ಲಾಡಿದರೆ: ‘ಬೆಣೆ’ಯೋ ‘ಕೀಲೋ’?

ಪ್ರಶ್ನೆ:

ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದ ಜಪಾನಿ ಸೇನಾಧಿಕಾರಿಯ ಕತ್ತಿ (ಶಿನ್‌ಗುನ್‌ತೋ, 1938ರ ‘98ನೇ ಮಾದರಿ’), ಅದರ ಸಡಿಲವಾದ ಹಿಡಿಯನ್ನು ಸರಿಪಡಿಸುವ ಬಗೆಯನ್ನು ಕನ್ನಡದಲ್ಲಿ ಬರೆಯುವಾಗ ಮೂರು ಕಡೆ ತಡವರಿಸುವಂತಾಗಿದೆ. ಹಿಡಿಗೆ ‘ಕಾವು’ ಎನ್ನಬಹುದೇ? ಹಿಡಿಯೊಳಗೆ ಹುದುಗಿರುವ ಅಲಗಿನ ಭಾಗಕ್ಕೆ, ಅಂದರೆ ಜಪಾನಿಯರ ‘ನಕಾಗೊ’ಗೆ, ನಮ್ಮಲ್ಲಿ ಏನು ಹೆಸರು? ಹಿಡಿಯನ್ನೂ ನಕಾಗೊವನ್ನೂ ಅಡ್ಡಲಾಗಿ ತೂರಿ ನಿಲ್ಲುವ ಬಿದಿರಿನ ತುಂಡನ್ನು (ಮೆಕುಗಿ) ಸದ್ಯಕ್ಕೆ ‘ಬೆಣೆ’ ಎಂದಿದ್ದೇನೆ. ‘ಹಿಡಿ ಸಡಿಲವಾಗಿದ್ದರೆ ಹೊಸ ಬೆಣೆ ಹೊಡೆಯಿರಿ’ ಎಂಬ ವಾಕ್ಯ ಸರಿಯೇ?

ಉತ್ತರ 1:

ವಾಕ್ಯ ವ್ಯಾಕರಣಕ್ಕೆ ಸರಿ, ಕತ್ತಿಗೆ ಅಪಾಯ. ‘ಬೆಣೆ ಹೊಡೆ’ ಎಂದೊಡನೆ ನಮ್ಮ ಓದುಗರ ಕೈ ಸುತ್ತಿಗೆಯ ಕಡೆಗೆ ಹೋಗುತ್ತದೆ. ಬೆಣೆ ಎಂದರೆ ಸಂದಿಗೆ ಜಡಿದು ಸೀಳುವ ಅಥವಾ ಬಿಗಿ ಮಾಡುವ ವಸ್ತು. ಮೆಕುಗಿಯ ಕೆಲಸ ಅದಲ್ಲ. ಅದು ಅಡ್ಡ ನಿಂತು ಅಲಗು ಕಳಚಿಹೋಗದಂತೆ ತಡೆಯುತ್ತದೆ, ಬೇಕೆಂದಾಗ ಹೊರಗೆ ಬರುತ್ತದೆ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾದರಿಯೇ ಇದೆ: ಬಂಡಿಯ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಡೆಗೀಲು. ಜೇಡರ ದಾಸಿಮಯ್ಯನ ವಚನದಲ್ಲಿ ಬರುವ ಮಾತು ಅದೇ. ಜಪಾನಿ ಪದವನ್ನು ಒಡೆದರೂ ‘ಮೆ’ ಎಂದರೆ ಕಣ್ಣು, ‘ಕುಗಿ’ ಎಂದರೆ ಮೊಳೆ. ಆದ್ದರಿಂದ ‘ಕೀಲು’ ಎನ್ನಿ.

‘ಕಾವು’ ಬೇಡ. ಕೊಡಲಿ, ಗುದ್ದಲಿಗಳಲ್ಲಿ ಮರ ಕಬ್ಬಿಣದ ಕಣ್ಣಿನೊಳಗೆ ಹೋಗುತ್ತದೆ. ಈ ಕತ್ತಿಯಲ್ಲಿ ಕಬ್ಬಿಣ ಮರದೊಳಗೆ ಹೋಗುತ್ತದೆ. ಗುದ್ದಲಿಯ ಕಾವು ಅಲ್ಲಾಡಿದರೆ ರಾತ್ರಿ ನೀರಿನಲ್ಲಿ ನೆನೆಹಾಕುವುದು ನಮ್ಮವರ ಮದ್ದು. ಕಾವು ಎಂಬ ಪದ ಕಂಡವರು ಇಲ್ಲಿಯೂ ಅದನ್ನೇ ಮಾಡಿದರೆ ಒಳಗಿನ ಅಲಗು ತುಕ್ಕು ಹಿಡಿಯುತ್ತದೆ, ಮರದ ಮೇಲೆ ಹೊದಿಸಿದ ತೊರಕೆ ಮೀನಿನ ತೊಗಲು ಉಬ್ಬುತ್ತದೆ, ಒಣಗಿದ ಮೇಲೆ ಹಿಡಿ ಮೊದಲಿಗಿಂತ ಹೆಚ್ಚು ಅಲ್ಲಾಡುತ್ತದೆ. ಬರೀ ‘ಹಿಡಿ’ ಸಾಕು. ಸಂಸ್ಕೃತದ ‘ತ್ಸರು’ ಕತ್ತಿಯ ಹಿಡಿಗೇ ಇರುವ ಪದ. ಹಿಡಿಗೆ ಜಪಾನಿಯರು ಹೇಳುವ ‘ತ್ಸುಕಾ’ದೊಂದಿಗೆ ಉಚ್ಚಾರಣೆಯಲ್ಲಿ ಹತ್ತಿರ ಕಂಡರೂ ನಂಟೇನೂ ಇಲ್ಲ, ಇಂದು ಅದನ್ನು ಬಳಸಿದರೆ ಓದುಗರು ನಿಘಂಟು ತೆರೆಯಬೇಕಾದೀತು.

ನಕಾಗೊಗೆ ನನ್ನ ಸಲಹೆ ‘ಅಲಗಿನ ತೊಟ್ಟು’. ಅದನ್ನು ಬರೆಯುವ ಜಪಾನಿ ಅಕ್ಷರಕ್ಕೆ ಗಿಡದ ಕಾಂಡ ಎಂದೇ ಅರ್ಥ. ಹಣ್ಣಿನ ತೊಟ್ಟಿನ ಹಾಗೆ ಇದೂ ಕಣ್ಣಿಗೆ ಬೀಳುವ ಭಾಗವಲ್ಲ, ಹಿಡಿದಿಡುವ ಭಾಗ.

ಇನ್ನು ‘ಸಡಿಲ’. ನೀವು ಕೇಳಿಲ್ಲ, ಆದರೆ ನಿಜವಾದ ತೊಡಕು ಇಲ್ಲಿದೆ. ಮೂರು ಬೇರೆ ಬೇರೆ ದೋಷಗಳಿಗೆ ನೀವು ಒಂದೇ ಪದ ಬಳಸಿದ್ದೀರಿ. ಹಿಡಿಗೆ ಸುತ್ತಿದ ಪಟ್ಟಿ ಬೆರಳಿಗೆ ಸಿಕ್ಕಿ ಸರಿದಾಡಿದರೆ ಅದು ‘ಸಡಿಲ’. ಅಲಗು ಹಿಡಿಯೊಳಗೆ ಉದ್ದಕ್ಕೆ ಹಿಂದೆ ಮುಂದೆ ಹೋದರೆ ‘ಜರುಗುತ್ತದೆ’ ಎನ್ನಿ. ಅಕ್ಕಪಕ್ಕಕ್ಕೆ ಆಡಿದರೆ ‘ಅಲ್ಲಾಡುತ್ತದೆ’. ಜರುಗುವುದಕ್ಕೆ ಸಾಮಾನ್ಯವಾಗಿ ಕಾರಣ ಸವೆದ ಕೀಲು, ಇಲ್ಲವೇ ಕೈಕಾವಲಿನ (ತ್ಸುಬಾ) ಎರಡು ಮಗ್ಗುಲಲ್ಲಿ ಕೂರುವ ಲೋಹದ ವಾಷರುಗಳಲ್ಲಿ (ಸೆಪ್ಪಾ) ಒಂದು ಕಳೆದುಹೋಗಿರುವುದು. ಅಲ್ಲಾಡುವುದಕ್ಕೆ ಕಾರಣ ಒಳಗಿನ ಮರ ಒಣಗಿ ಕುಗ್ಗಿರುವುದು ಅಥವಾ ಸೀಳಿರುವುದು. ಜರುಗುವುದಕ್ಕೆ ಹೊಸ ಕೀಲು, ಇಲ್ಲವೇ ಕಳೆದುಹೋದ ವಾಷರಿನ ಬದಲಿ ಸಾಕು. ಅಲ್ಲಾಡುವುದಕ್ಕೆ ಎಷ್ಟು ಕೀಲು ಬದಲಿಸಿದರೂ ಪ್ರಯೋಜನವಿಲ್ಲ.

ಬಿಚ್ಚುವ ಕ್ರಮವನ್ನೂ ಸ್ಪಷ್ಟವಾಗಿ ಬರೆಯಿರಿ. ಅಲಗನ್ನು ಒರೆಯಿಂದ ತೆಗೆದು ದಪ್ಪ ಬಟ್ಟೆ ಸುತ್ತಬೇಕು. ಕೀಲಿಗೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಸಣ್ಣ ತುದಿಗೆ ಹಿತ್ತಾಳೆಯ ಸಲಾಕೆ ಕೊಟ್ಟು ಮೆಲ್ಲಗೆ ತಟ್ಟಿದರೆ ಹೊರಬರುತ್ತದೆ. ದಪ್ಪ ತುದಿಯಿಂದ ತಟ್ಟಿದರೆ ಮರ ಸೀಳುತ್ತದೆ. ಕೆಲವು ಹಿಡಿಗಳಲ್ಲಿ ಎರಡು ಕೀಲಿರುತ್ತವೆ, ಆದ್ದರಿಂದ ಸುತ್ತುಪಟ್ಟಿಯ ಕೆಳಗೂ ನೋಡಬೇಕು. ಆಮೇಲೆ ಎಡಗೈಯಲ್ಲಿ ಹಿಡಿಯ ತುದಿಯನ್ನು ಹಿಡಿದು, ಅಲಗು ಮೇಲ್ಮುಖವಾಗಿ ಓರೆಯಾಗಿರುವಾಗ, ಬಲ ಮುಷ್ಟಿಯಿಂದ ಎಡ ಮಣಿಕಟ್ಟಿಗೆ ಹಗುರವಾಗಿ ಗುದ್ದಬೇಕು. ನಾಲ್ಕೈದು ಗುದ್ದಿಗೆ ತೊಟ್ಟು ಮೇಲೇಳುತ್ತದೆ. ವಾಷರುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಬೇಕು. ಎಷ್ಟೋ ಕತ್ತಿಗಳಲ್ಲಿ ಅವುಗಳ ಮೇಲೆ ಒಂದೇ ಸಂಖ್ಯೆ ಒತ್ತಿರುತ್ತದೆ. ಒರೆಯ ಸ್ಪ್ರಿಂಗ್ ಚಿಲಕ ಇರುವ ಕತ್ತಿಗಳಲ್ಲಿ ಚಿಲಕ ಹಾಯಲು ಕೊರೆದ ಕಂಡಿಯೂ ಇರುತ್ತದೆ. ವಾಷರೊಂದು ತಿರುಗುಮುರುಗಾಗಿ ಕೂತರೆ ಚಿಲಕ ಸಿಕ್ಕಿಕೊಳ್ಳುತ್ತದೆ.

ಹೊರಗೆ ತೆಗೆದ ಕೀಲನ್ನು ಬೆಳಕಿಗೆ ಹಿಡಿದು ನೋಡಿ. ತೊಟ್ಟಿನ ತೂತಿನ ಅಂಚು ಉಜ್ಜಿದ ಕಡೆ, ನಡುವಿನಲ್ಲಿ, ಸೊಂಟದ ಹಾಗೆ ಸವೆದಿದ್ದರೆ ಅಲಗು ಜರುಗುತ್ತಿತ್ತು ಎಂದು ಖಾತ್ರಿ. ಹೊಸ ಕೀಲಿಗೆ ಚೆನ್ನಾಗಿ ಬಲಿತು ಒಣಗಿದ ಬಿದಿರು ಬೇಕು. ಅದರಲ್ಲೂ ಹೊರಸಿಪ್ಪೆಗೆ ಹತ್ತಿರದ ಭಾಗವೇ ಬೇಕು, ನಾರು ಒತ್ತೊತ್ತಾಗಿರುವುದು ಅಲ್ಲಿ. ತೂತು ಸಾಮಾನ್ಯವಾಗಿ 5ರಿಂದ 7 ಮಿ.ಮೀ. ಅಗಲವಿರುತ್ತದೆ. ಕೀಲನ್ನು ಮೊದಲು ಉದ್ದವಾಗಿಯೇ ಕೆತ್ತಿ, ಬೆರಳಿನಿಂದ ಒತ್ತಿ, ನಿಂತ ಕಡೆ ಗುರುತು ಮಾಡಿ, ಹೊರತೆಗೆದು ಕತ್ತರಿಸಬೇಕು. ಮರದ ತೂತನ್ನು ತುಂಬಿದರಷ್ಟೇ ಸಾಲದು, ತೊಟ್ಟಿನ ತೂತಿನ ಅಂಚನ್ನೂ ಅದು ಒತ್ತಿ ಹಿಡಿಯಬೇಕು. ಕಬ್ಬಿಣದ ಮೊಳೆ ಕೂಡದು, ಅದು ತಾನು ಸವೆಯದೆ ಮರದ ತೂತನ್ನು ಅಗಲಿಸುತ್ತದೆ.

ಉತ್ತರ 2:

‘ಕೀಲು’, ‘ತೊಟ್ಟು’ ಎರಡನ್ನೂ ಒಪ್ಪುತ್ತೇನೆ. ಅಲ್ಲಾಡುವ ಹಿಡಿಗೆ ಮದ್ದು ಹೇಳದೆ ಬಿಟ್ಟಿದ್ದೀರಿ ಸರ್. ಅದಕ್ಕೂ ಪದ ಬೇಕಲ್ಲ. ಗ್ಯಾರೇಜಿನವರೂ ಬಡಗಿಗಳೂ ‘ಪ್ಯಾಕಿಂಗ್ ಕೊಡು’ ಎನ್ನುತ್ತಾರೆ. ಬರಹಕ್ಕೆ ‘ಚಕ್ಕೆ’ ಸಾಕು. ಹಿಡಿಯ ಒಳಮರ ಹೋನೋಕಿ ಎಂಬ ಮೆದು ಮರದ್ದು. ಅದೇ ಬಗೆಯ ಮರದಿಂದ ಅರ್ಧ ಮಿ.ಮೀ.ಗೂ ತೆಳುವಾದ ಚಕ್ಕೆ ಹೆರೆದು, ಹಿಡಿಯ ಒಳಗೋಡೆಗೆ ಅಂಟಿಸಬೇಕು, ತೊಟ್ಟಿಗಲ್ಲ. ಅಂಟು ಎಂದರೆ ನುಣ್ಣಗೆ ಅರೆದ ಅನ್ನದ ಸರಿ. ಜಪಾನಿನಲ್ಲೂ ಅದೇ ರೂಢಿ. ಮುಂದೆ ಎಂದಾದರೂ ತೆಗೆಯಬೇಕಾದರೆ ತುಸು ತೇವ ಮಾಡಿದರೆ ಬಿಡುತ್ತದೆ. ಪೂರ್ತಿ ಒಣಗುವ ಮೊದಲು ಅಲಗನ್ನು ಒಳಗೆ ಹಾಕಬಾರದು. ಚಕ್ಕೆ ದಪ್ಪವಾಯಿತೆಂದು ಬಲವಂತವಾಗಿ ತುರುಕಿದರೆ ಹಿಡಿ ಅಂಚಿನ ಬೆಸುಗೆಯಲ್ಲಿ ಬಾಯಿ ಬಿಡುತ್ತದೆ.

‘ಅಂಟಿಸು’ ಎಂಬ ಕ್ರಿಯಾಪದ ಬಳಸುವಾಗ ಎಚ್ಚರ. ನಮ್ಮ ಕಡೆಯ ತಲವಾರುಗಳಿಗೆ ಹಿಡಿಯನ್ನು ಅರಗಿನಿಂದಲೋ ರಾಳದಿಂದಲೋ ಕೂರಿಸುತ್ತಿದ್ದರು, ಹಾಗಾಗಿ ‘ಹಿಡಿ ಕೂರಿಸು’ ಎಂದರೆ ಅಂಟು ಹಾಕುವುದು ಎಂದು ಓದುಗರು ತಿಳಿದಾರು. ಈ ಕತ್ತಿ ಬಿಚ್ಚಲೆಂದೇ ಕಟ್ಟಿದ್ದು. ಎಪಾಕ್ಸಿ ಸುರಿದರೆ ತೊಟ್ಟು ಶಾಶ್ವತವಾಗಿ ಒಳಗೇ ಉಳಿಯುತ್ತದೆ, ಅದರ ಮೇಲೆ ಕೆತ್ತಿದ ಕಮ್ಮಾರನ ಹೆಸರನ್ನೂ ಕಾಲವನ್ನೂ ಓದುವಂತಿಲ್ಲ. ಕಾಲವನ್ನು ಜಪಾನಿ ಚಕ್ರವರ್ತಿಯ ಆಳ್ವಿಕೆಯ ವರ್ಷದಲ್ಲಿ ಕೆತ್ತಿರುತ್ತಾರೆ: ‘ಶೋವಾ 17’ ಎಂದಿದ್ದರೆ 1942.

ತೊಟ್ಟಿನ ತುಕ್ಕನ್ನು ತಿಕ್ಕಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಆ ಕಪ್ಪು ತುಕ್ಕು ಕತ್ತಿಯ ವಯಸ್ಸಿಗೆ ಸಾಕ್ಷಿ. ಕೆಲವು ತೊಟ್ಟುಗಳ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯೂ ಇರುತ್ತದೆ, ಎಣ್ಣೆ ಬಟ್ಟೆ ಒಮ್ಮೆ ಒತ್ತಿ ಒರೆಸಿದರೂ ಅಳಿಸಿಹೋಗಬಹುದು. ತಾಮ್ರ, ಹಿತ್ತಾಳೆಯ ವಾಷರುಗಳ ಮೇಲಿನ ಹಸಿರಿಗೆ ‘ತುಕ್ಕು’ ಎನ್ನದೆ ‘ಕಿಲುಬು’ ಎಂದರೆ ಗೊಂದಲ ತಪ್ಪುತ್ತದೆ.

ಇನ್ನೊಂದು ಮಾತು: 1935ರ 95ನೇ ಮಾದರಿ ಅಧಿಕಾರಿಗಿಂತ ಕೆಳಗಿನ ದರ್ಜೆಯವರದ್ದು. ಅದರಲ್ಲಿ ಬಹುಪಾಲು ಹಿಡಿಗಳು ಅಲ್ಯೂಮಿನಿಯಂ ಎರಕ, ಸುತ್ತುಪಟ್ಟಿಯೂ ಎರಕದಲ್ಲೇ ಮೂಡಿಸಿದ್ದು. ಅಲ್ಲಿ ಹಿಡಿಯನ್ನು ಹಿಡಿದಿರುವುದು ಬಿದಿರಲ್ಲ, ಸ್ಕ್ರೂ. ನಿಮ್ಮ ಬರಹ 98ಕ್ಕೆ ಮಾತ್ರ ಎಂದು ಮೊದಲ ಸಾಲಿನಲ್ಲೇ ತಿಳಿಸಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ವಂದನೆ. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಅಲಗು ಉದ್ದಕ್ಕೆ ಜರುಗುತ್ತಿದ್ದರೆ ಮೊದಲು ವಾಷರುಗಳನ್ನು ಎಣಿಸಿ, ಆಮೇಲೆ ಹೊಸ ಬಿದಿರುಕೀಲು ಹೊಡೆಯಿರಿ, ಅಕ್ಕಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಹಿಡಿಯ ಒಳಗೋಡೆಗೆ ಚಕ್ಕೆ ಕೊಡಿ.’

ಉತ್ತರ 1:

‘ಹೊಡೆಯಿರಿ’ ಇನ್ನೂ ಉಳಿದಿದೆ. ‘ಒತ್ತಿ ಕೂರಿಸಿ’.