ದಿನವೂ ತೊಡುವ ಉಂಗುರಕ್ಕೆ ಪಚ್ಚೆ ಕಟ್ಟಿಸಿದವರು ಅನುಭವ ತಿಳಿಸಿ

ಪ್ರಶ್ನೆ: ಕೊಲಂಬಿಯಾದ ಪಚ್ಚೆಯೊಂದನ್ನು ನೋಡಿಟ್ಟಿದ್ದೇನೆ. ಎರಡು ಕ್ಯಾರಟ್‌ಗಿಂತ ಕಡಿಮೆ. ಹರಳಿನ ಸೀಳುಗಳಿಗೆ ತುಂಬಿದ ಎಣ್ಣೆ ‘ಅಲ್ಪ’ ಎಂದು ಪ್ರಮಾಣಪತ್ರದಲ್ಲಿದೆ. ದಿನನಿತ್ಯ ತೊಟ್ಟರೆ ತಾಳುತ್ತದೆಯೇ?

ಕುಸುರಿ: ನನ್ನದನ್ನು ಕೇಳಿ. ಉಂಗುರ ಸಡಿಲವಾಗಿತ್ತೆಂದು ಅಳತೆ ಕಿರಿದು ಮಾಡಲು ಕೊಟ್ಟಿದ್ದೆ. ಆ ಕೆಲಸಗಾರ ಹರಳನ್ನು ಬಿಚ್ಚದೆಯೇ ಬೆಸುಗೆಯ ಜ್ವಾಲೆ ಹಿಡಿದ. ಸಾಲದೆಂಬಂತೆ ಹೊಳಪಿಗಾಗಿ ಅಲ್ಟ್ರಾಸಾನಿಕ್ (ಧ್ವನಿಕಂಪನದಿಂದ ತೊಳೆಯುವ) ತೊಟ್ಟಿಗೂ ಹಾಕಿದ. ಸೀಳುಗಳಲ್ಲಿದ್ದ ದೇವದಾರು ಎಣ್ಣೆ ಹೊರಟುಹೋಗಿ, ಒಂದು ಮೂಲೆಯಿಂದ ನಡುವಿನವರೆಗೆ ಬಿಳಿಯ ಗೆರೆ ಎದ್ದು ನಿಂತಿತ್ತು. ಹರಳು ಬಿಚ್ಚುವ ಕೂಲಿ, ಮತ್ತೆ ಎಣ್ಣೆ ಹಾಕಿಸಿದ್ದು, ಮರಳಿ ಕಟ್ಟುವ ಕೂಲಿ, ಮರುಪರೀಕ್ಷೆಯ ಶುಲ್ಕ, ಹೋಗಿಬರುವ ಸಾಗಣೆಗೆ ವಿಮೆ: ಎಲ್ಲ ಕೂಡಿಸಿದರೆ ಉಂಗುರದ ಚಿನ್ನದ ಬೆಲೆಯನ್ನೂ ಮೀರಿತು. ಸೀಳು ಬೆಳೆದಿದ್ದರಿಂದ ಹೊಸ ಪತ್ರದಲ್ಲಿ ‘ಅಲ್ಪ’ ಹೋಗಿ ‘ಮಧ್ಯಮ’ ಬಂತು. ಈಗ ಮಾರಲು ಹೋದರೆ ಕೊಳ್ಳುವವರ ಕಣ್ಣು ನೇರವಾಗಿ ಆ ಪದದ ಮೇಲೆಯೇ ಬೀಳುತ್ತದೆ. ಕಿವಿಯೋಲೆಗೋ ಪದಕಕ್ಕೋ ಕಟ್ಟಿಸಿ, ಉಂಗುರಕ್ಕೆ ಬೇಡವೇ ಬೇಡ.

ಹಸಿರುಗಣ್ಣು: ಅದು ಕೆಲಸಗಾರನ ತಪ್ಪು, ಪಚ್ಚೆಯನ್ನೇಕೆ ದೂರುತ್ತೀರಿ? ನನ್ನದು ಜಾಂಬಿಯಾದ ಕಾಫುಬು ಕಡೆಯದು. ಕಬ್ಬಿಣದ ಅಂಶವಿರುವುದರಿಂದ ಹಸಿರಿನಲ್ಲಿ ನೀಲಿಯ ಸುಳಿವಿದೆ. ನಾಲ್ಕೂ ಮೂಲೆ ಕತ್ತರಿಸಿದ ಎಮರಾಲ್ಡ್ ಕಟ್. ಚೂಪು ಮೂಲೆಯಿದ್ದರೆ ಮೊದಲು ಮುಕ್ಕಾಗುವುದು ಅದೇ. ಕೊಕ್ಕೆಗಳನ್ನು ನಂಬದೆ ಸುತ್ತಲೂ ಚಿನ್ನದ ಪಟ್ಟಿ ಕಟ್ಟಿಸಿದೆ. ಚಿನ್ನ ಹೆಚ್ಚು ಹಿಡಿಯಿತು, ಕೂಲಿ ದುಪ್ಪಟ್ಟಾಯಿತು, ಅದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಒಳಗಿನ ಎಳೆಗಳು ಪಾಚಿಯ ಹಾಗೆ ಹರಡಿಕೊಂಡು ಕಾಣುತ್ತವೆ. ಆ ಎಳೆಗಳಿಗಾಗಿಯೇ ಕೊಂಡೆ.

ಮೂಸೆ: ಇಷ್ಟೆಲ್ಲ ಪಾಡು ಯಾಕೆ? ನನ್ನದು ಪ್ರಯೋಗಾಲಯದಲ್ಲಿ ಬೆಳೆಸಿದ್ದು. ಅದೂ ಬೆರಿಲ್ ಖನಿಜವೇ, ಹಸಿರು ಬರುವುದೂ ಕ್ರೋಮಿಯಂನಿಂದಲೇ, ಗಡಸುತನವೂ ಮೋಸ್ ಮಾಪಕದಲ್ಲಿ ಅದೇ 7.5ರಿಂದ 8. ಅಮೆರಿಕದ ಕ್ಯಾರಲ್ ಚಾಥಮ್ 1930ರ ದಶಕದಲ್ಲೇ ಬೆಳೆಸಿ ತೋರಿಸಿದ್ದಾರೆ. ಎಣ್ಣೆಯ ತಂಟೆಯೂ ಇಲ್ಲ.

ಹಸಿರುಗಣ್ಣು: ಭೂಮಿಯೊಳಗೆ ಕೋಟ್ಯಂತರ ವರ್ಷ ಇದ್ದು ಬಂದದ್ದಕ್ಕೂ ಇದಕ್ಕೂ ಒಂದೇ ತಕ್ಕಡಿಯೇ? ನಾಳೆ ಮಾರಲು ಹೋಗಿ ನೋಡಿ, ಆಗ ತಿಳಿಯುತ್ತದೆ.

ಮೂಸೆ: ನಾನು ತೊಡಲು ಕೊಂಡೆ, ಮಾರಲು ಅಲ್ಲ. ನೀವು ಮೆಚ್ಚುವ ಎಳೆಗಳನ್ನೇ ಮರೆಮಾಚಲು ವ್ಯಾಪಾರಿಗಳು ಎಣ್ಣೆ, ಎಪಾಕ್ಸಿ ರಾಳ ತುಂಬುತ್ತಾರೆ. ಅದನ್ನೂ ಹೇಳಿ.

ಕುಸುರಿ: ಈ ಮಾತು ನಿಜ. ‘ನೈಸರ್ಗಿಕ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ರಾಳದ ವಿಷಯ ನುಂಗಿಕೊಂಡವರನ್ನು ಕಂಡಿದ್ದೇನೆ.

ತಿಳಿಹಸಿರು: ಹಸಿರೇ ಬೇಕಿದ್ದರೆ ಸಾವೊರೈಟ್ ಎಂಬ ಹಸಿರು ಗಾರ್ನೆಟ್ ನೋಡಿ. ಸಾಮಾನ್ಯವಾಗಿ ಎಣ್ಣೆ ಹಾಕುವುದಿಲ್ಲ, ಕಾಯಿಸುವುದೂ ಇಲ್ಲ, ಹೊಳಪೂ ಹೆಚ್ಚು. ನನ್ನ ಉಂಗುರ ನೋಡಿದವರೆಲ್ಲ ಪಚ್ಚೆಯೇ ಎನ್ನುತ್ತಾರೆ.

ಹಸಿರುಗಣ್ಣು: ಗಾರ್ನೆಟ್ಟನ್ನು ತಂದು ಇಲ್ಲಿ ತಲೆಗೆ ಕಟ್ಟಬೇಡಿ. ಗಡಸುತನ ಪಚ್ಚೆಗಿಂತ ಕಡಿಮೆ, ಎರಡು ಕ್ಯಾರಟ್ ಮೀರಿದ್ದು ಸಿಗುವುದೇ ಅಪರೂಪ.

ಮುಜೋ: ಪ್ರಶ್ನೆ ಕೇಳಿದವರು ಕೊಲಂಬಿಯಾ ಎಂದಿದ್ದಾರೆ, ಚರ್ಚೆ ಎಲ್ಲೆಲ್ಲೋ ಹೋಯಿತು. ಅಲ್ಲಿನ ಮುಜೋ ಗಣಿಯ ಹಸಿರಿನ ಮುಂದೆ ಜಾಂಬಿಯಾದ್ದು ಮಂಕು. ನನ್ನ ಹರಳಿನಲ್ಲಿ ದ್ರವ, ಅದರೊಳಗೆ ಗಾಳಿಗುಳ್ಳೆ, ಪಕ್ಕದಲ್ಲಿ ಚೌಕನೆಯ ಉಪ್ಪಿನ ಹರಳು, ಮೂರೂ ಒಂದೇ ಕುಳಿಯಲ್ಲಿವೆ. ಕೊಲಂಬಿಯಾದ್ದೇ ಎನ್ನಲು ಬೇರೆ ಸಾಕ್ಷಿ ಬೇಡ.

ಕುಸುರಿ: ಬೇಕು. ಅಫ್ಘಾನಿಸ್ತಾನದ ಪಂಜ್‌ಶೀರ್ ಪಚ್ಚೆಯಲ್ಲೂ ಅಂಥ ಕುಳಿಗಳಿರುತ್ತವೆ. ಭೂತಗನ್ನಡಿ ಹಿಡಿದು ಊರು ಹೇಳಲಾಗುವುದಿಲ್ಲ.

ಮುಜೋ: ನನ್ನಲ್ಲಿ ಪತ್ರವಿದೆ.

ಕುಸುರಿ: ಪತ್ರ ನನ್ನಲ್ಲೂ ಇತ್ತು, ‘ಅಲ್ಪ’ ಎಂದು ಬರೆದಿದ್ದು.